ಇನ್ನೂರ ಇಪ್ಪತ್ನಾಲ್ಕನೆಯ ಅರಿವೆ

ಈ ಭೂಮಿಯ ಮೇಲಿರುವ ಬಣ್ಣಗಳನ್ನೆಲ್ಲ ಒಂದೂ ಬಿಡದೆ ಎಣಿಸಿ ಮುಗಿಸಿದ ಗಂಡಸು ಅಂತಿದ್ದರೆ ಅದು ನಾನೊಬ್ಬನೇ. ಒಟ್ಟು ಇನ್ನೂರ ಇಪ್ಪತ್ನಾಲ್ಕು. ನಂಬಿದಿರಾ? ನಂಬಬೇಡಿ, ಹಸಿ ಸುಳ್ಳು. ನಾನು ಎಣಿಸಿದ್ದು ಹದಿಮೂರರವರೆಗೆ, ಅದೂ ಬಟ್ಟೆ ಅಂಗಡಿಯಲ್ಲಿ ಹೆಂಡತಿ ಸೀರೆ ಆರಿಸುವಾಗ ಹೊತ್ತು ಹೋಗದೆ. ಹದಿನಾಲ್ಕನೆಯದಕ್ಕೆ ನಿದ್ದೆ ಬಂತು. ಇನ್ನೂರ ಇಪ್ಪತ್ನಾಲ್ಕು ಎಂಬ ಲೆಕ್ಕ ಒಂದು ಊರಿನದು. ಆ ಊರಿಗೆ ನಾನು ಹೋಗಿಲ್ಲ, ಹೋಗಿ ಬಂದವನನ್ನು ಕಂಡಿದ್ದೇನೆ. ಅವನು ನನಗಿಂತ ದೊಡ್ಡ ಸುಳ್ಳ. ಹಾಗಾಗಿ ಈ ಕಥೆ ಎರಡು ಜರಡಿಯಲ್ಲಿ ಸೋಸಿಕೊಂಡು ಬಂದಿದೆ ಅಂತ ತಿಳಿಯಿರಿ.

ಆ ಊರಿನಲ್ಲಿ ಗಾಳಿ ನಿಲ್ಲುವುದಿಲ್ಲ. ಗಾಳಿ ನಿಲ್ಲದ್ದರಿಂದ ಧೂಳು ಕೂರುವುದಿಲ್ಲ. ಧೂಳು ಕೂರದ್ದರಿಂದ ಅಲ್ಲಿ ಯಾರೂ ತಮ್ಮ ಕಣ್ಣನ್ನು ನಂಬುವುದಿಲ್ಲ. ಎದುರಿಗೆ ಬಂದದ್ದು ಎಮ್ಮೆಯೋ ಮಾವನೋ ತಿಳಿಯದೆ ಹಿಂದೆ ಬಹಳ ಅವಮಾನಗಳಾಗಿದ್ದವಂತೆ. ಅದಕ್ಕೇ ಅಲ್ಲೊಂದು ನಿಯಮ: ಕಣ್ಣು ಕಂಡದ್ದು ಊರಿಗೆ ಸಲ್ಲದು, ಅರಿವೆ ಕಂಡದ್ದು ಊರಿಗೆ ಸಲ್ಲುವುದು.

ಊರ ಪಕ್ಕ ಒಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಇನ್ನೂರ ಇಪ್ಪತ್ನಾಲ್ಕು ಕಲ್ಲುಪೀಠ, ಒಂದೇ ಸಾಲು. ದಿನಾ ಬೆಳಿಗ್ಗೆ ಅಷ್ಟೂ ಪೀಠಗಳ ಮೇಲೆ ಅಷ್ಟು ಜನ ನೋಟಗಾರರು ಹೋಗಿ ಕೂರುತ್ತಾರೆ. ಒಬ್ಬೊಬ್ಬನ ಕಣ್ಣಿಗೂ ಒಂದೊಂದು ಹರಳು. ಒಂದು ಹರಳಿನಿಂದ ಒಂದೇ ಬಣ್ಣ ಒಳಗೆ ಬರುತ್ತದೆ, ಅದೂ ನೂಲಿನೆಳೆಯಷ್ಟು. ಮೊದಲನೆಯವನಿಗೆ ನೇರಳೆ, ಆಮೇಲಿನವರಿಗೆ ನೀಲಿಯ ಮಕ್ಕಳು ಮೊಮ್ಮಕ್ಕಳು, ಹಸಿರಿನ ದಾಯಾದಿಗಳು, ಹಳದಿ, ಕೆಂಪು. ಕೆಂಪು ಮುಗಿದ ಮೇಲೂ ಸಾಲು ಮುಗಿಯುವುದಿಲ್ಲ. ಹೆಸರಿಲ್ಲದ ಬಣ್ಣಗಳು ಅಲ್ಲಿಂದ ಶುರು. ಪ್ರತಿಯೊಬ್ಬನೂ ತನ್ನ ಪಾಲಿಗೆ ಬಂದ ಬಣ್ಣದಲ್ಲಿ ಊರು ಹೇಗೆ ಕಾಣುತ್ತದೋ ಹಾಗೆ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಅರಿವೆಯ ಮೇಲೆ ಕಾಡಿಗೆಯಿಂದ ಬರೆಯುತ್ತಾನೆ. ಅರಿವೆಗಳು ಕೆಳಗೆ ಬರುತ್ತವೆ. ಚೌಕದಲ್ಲಿ ಸಾಲಾಗಿ ತೂಗುತ್ತವೆ. ಯಾವ ಹೊಲ ಬಾಡಿದೆ, ಯಾವ ಬಾವಿ ಬತ್ತಿದೆ, ಯಾವ ಹಗೇವಿನ ಕಾಳು ಚೆನ್ನಾಗಿದೆ ಎಂದು ಊರು ಅದನ್ನು ನೋಡಿ ತಿಳಿಯುತ್ತದೆ.

ಗುಡ್ಡದಿಂದ ಚೌಕಕ್ಕೆ ಬರುವ ದಾರಿಯಲ್ಲಿ ಒಂದು ಮನೆ. ಆ ಮನೆಯವಳೇ ಧೂಳೆತ್ತುವವಳು.

ಗಾಳಿಯ ಊರಲ್ಲವೇ, ಎಲ್ಲೂ ಕೂರದ ಧೂಳು ಹಸಿ ಕಾಡಿಗೆಗೆ ಅಂಟುತ್ತದೆ. ಕೈ ನಡುಗಿ ಚುಕ್ಕೆ ಬೀಳುತ್ತದೆ. ಹರಳಿನ ಗೀರು ಗೆರೆಯಾಗಿ ಇಳಿಯುತ್ತದೆ. ಇದನ್ನೆಲ್ಲ ತೆಗೆಯುವುದು ಅವಳ ಕೆಲಸ. ತೆಗೆಯುವ ರೀತಿಗೂ ನಿಯಮವುಂಟು. ಒಂದು ಅರಿವೆಯಲ್ಲಿ ಚುಕ್ಕೆ ಕಂಡರೆ ಅವಳು ಅದರ ಎಡಗಡೆಯ ಅರಿವೆ ನೋಡುತ್ತಾಳೆ, ಬಲಗಡೆಯದನ್ನು ನೋಡುತ್ತಾಳೆ, ತನಗೆ ತಾನೇ ಹೇಳಿಕೊಳ್ಳುತ್ತಾಳೆ:

“ಎಡದವ ಕಂಡನೆ? ಇಲ್ಲ. ಬಲದವ ಕಂಡನೆ? ಇಲ್ಲ. ಹಾಗಾದರೆ ಧೂಳು.”

ಹೇಳಿ, ಹಪ್ಪಳದಂಥ ಮೇಣದ ಹಾಳೆಯೊಂದನ್ನು ಅರಿವೆಯ ಮೇಲೆ ಹಾಸಿ, ಚುಕ್ಕೆ ಇದ್ದಲ್ಲಿ ಮಾತ್ರ ಹೆಬ್ಬೆರಳಿಂದ ಒತ್ತುತ್ತಾಳೆ. ಚುಕ್ಕೆ ಮೇಣಕ್ಕೆ ಅಂಟಿಕೊಂಡು ಬರುತ್ತದೆ. ಅರಿವೆ ಶುದ್ಧ. ಒಂದು ಅರಿವೆಗೆ ಒಂದು ಮೇಣದ ಹಾಳೆ. ಸಂಜೆಗೆ ಮೇಣ ಕರಗಿಸುವವನು ಬಂದು ಹಾಳೆಗಳನ್ನು ಒಯ್ದು, ಕರಗಿಸಿ, ಸೋಸಿ, ಮರುದಿನಕ್ಕೆ ಹೊಸ ಹಾಳೆ ಎರೆದು ಕೊಡುತ್ತಾನೆ. ತೆಗೆದ ಧೂಳನ್ನು ತಿರುಗಿ ನೋಡಬಾರದು. ಅದೂ ನಿಯಮ.

ಅವಳ ಕೈಯಷ್ಟು ಶುದ್ಧವಾದ ಕೈ ಊರಲ್ಲೇ ಇರಲಿಲ್ಲ. ಅವಳ ಗಂಡ ಹಗೇವಿಗೆ ಇಳಿಯುವವನು. ಹಗೇವು ಅಂದರೆ ಗೊತ್ತಲ್ಲ, ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಮೂರಾಳು ಆಳ, ಬಾಯಿ ಮಾತ್ರ ಒಬ್ಬ ಮನುಷ್ಯ ತೂರುವಷ್ಟು. ಮೇಲೆ ಚಪ್ಪಡಿ, ಚಪ್ಪಡಿಗೆ ಮಣ್ಣಿನ ಮೆತ್ತಿಗೆ. ಮುಚ್ಚಿಟ್ಟ ಕಾಳು ಬೆವರಿದರೆ ಒಳಗೆ ಬಿಸಿಯಾಗುತ್ತದೆ, ಒಂದು ಬಗೆಯ ಉಸಿರು ಬಿಡುತ್ತದೆ. ಆ ಉಸಿರಿಗೆ ವಾಸನೆಯಿಲ್ಲ. ಅದನ್ನು ಕುಡಿದವನು ಮೇಲೆ ಬರುವುದಿಲ್ಲ. ಹಿಂದಿನವರು ಇಳಿಯುವ ಮುಂಚೆ ಒಂದು ದೀಪ ಇಳಿಸಿ, ಉರಿಯುತ್ತದೋ ಆರುತ್ತದೋ ನೋಡುತ್ತಿದ್ದರು. ಅರಿವೆಗಳು ಬಂದ ಮೇಲೆ ದೀಪ ಬಿಟ್ಟರು. ಹಗೇವಿನ ಮೇಲಿನ ನೆಲ ಅಷ್ಟೂ ಅರಿವೆಗಳಲ್ಲಿ ಶುಭ್ರವಾಗಿದ್ದರೆ ಇಳಿ, ಇಲ್ಲದಿದ್ದರೆ ಬಿಡು.

“ನನ್ನ ಹೆಂಡತಿ ಒರೆಸಿದ ಜಾಗದಲ್ಲಿ ಯಮನಿಗೂ ಕಾಲಿಡೋಕೆ ತಾವಿಲ್ಲ” ಎಂದು ಗಂಡ ಹೋದಲ್ಲೆಲ್ಲ ಹೇಳುತ್ತಿದ್ದ. ಅವಳಿಗೆ ನಾಚಿಕೆಯಾಗುತ್ತಿತ್ತು. ಹಿತವಾಗಿಯೂ ಇರುತ್ತಿತ್ತು.

ಸಾಲಿನ ತುದಿಯಲ್ಲಿ ಕೂರುವವನು ಕೊನೆಯ ನೋಟಗಾರ. ಮುದುಕ. ಅವನ ಎಡಕ್ಕೊಬ್ಬ ನೋಟಗಾರನಿದ್ದ, ಬಲಕ್ಕೆ ಬರೀ ಬಂಡೆ. ಅವನ ಪಾಲಿನ ಬಣ್ಣ ಯಾವುದು ಎಂದರೆ “ಬೆಚ್ಚಗಿರೋದು” ಅನ್ನುತ್ತಿದ್ದ, ಅಷ್ಟೇ. ಅವನ ಕೈ ನಡುಗುತ್ತಿತ್ತು, ಹರಳು ಮಬ್ಬಾಗಿತ್ತು, ಅವನ ಅರಿವೆ ದಿನಾ ಎಳ್ಳು ಚೆಲ್ಲಿದ ಹಾಗೆ ಬರುತ್ತಿತ್ತು. ಉಳಿದ ಇನ್ನೂರ ಇಪ್ಪತ್ಮೂರಕ್ಕೆ ಹಿಡಿಯುವಷ್ಟೇ ಹೊತ್ತು ಅವನೊಂದಕ್ಕೇ ಹಿಡಿಯುತ್ತಿತ್ತು. “ಅಜ್ಜ, ನೀನು ಬರೆಯೋದು ಊರನ್ನೋ ಊರ ಸಿಡುಬನ್ನೋ?” ಎಂದು ಅವಳು ರೇಗಿಸಿದರೆ, “ನಾನು ಇಡ್ತೀನಿ, ನೀನು ತೆಗೀತೀಯ. ಇಬ್ಬರಿಗೂ ಕೆಲಸ ಇರಲಿ ತಾಯಿ” ಅನ್ನುತ್ತಿದ್ದ.

ಒಂದು ವರ್ಷ ಮೇಣ ಕರಗಿಸುವವನು ಒಂಬತ್ತು ದಿನಕ್ಕಾಗುವಷ್ಟು ಹೊಸ ಹಾಳೆ ಎರೆದು ಕೊಟ್ಟು, ಮಗಳ ಮದುವೆಗೆಂದು ಒಂಬತ್ತು ದಿನ ಊರು ಬಿಟ್ಟ. ಚುಕ್ಕೆ ಅಂಟಿದ ಹಾಳೆಗಳು ಅವಳ ಮನೆಯಲ್ಲೇ ಉಳಿದವು. ಅವಳು ಅಚ್ಚುಕಟ್ಟಿನವಳು. ಮೊದಲನೆಯ ಅರಿವೆಯ ಹಾಳೆಗಳು ಒಂದು ಕಟ್ಟು, ಎರಡನೆಯದರವು ಒಂದು ಕಟ್ಟು, ಹೀಗೆ ಜೋಡಿಸಿ ಪಡಸಾಲೆಯ ಗೋಡೆಗೆ ಒರಗಿಸಿದಳು. ಕೊನೆಯ ಕಟ್ಟು, ಅಜ್ಜನ ಅರಿವೆಯದು, ಕಿಟಕಿಗೆ ಒರಗಿತು. ಒಂಬತ್ತನೆಯ ದಿನ ಇಳಿಬಿಸಿಲು ಕಿಟಕಿಯಿಂದ ಆ ಕಟ್ಟನ್ನು ಹಾಯ್ದು ಬಂತು. ಸೆಗಣಿ ಸಾರಿಸಿದ ನೆಲದ ಮೇಲೆ ಒಂದು ನೆರಳು ಬಿತ್ತು.

ತಿರುಗಿ ನೋಡಬಾರದು. ಅವಳು ತಿರುಗಿ ನೋಡಲಿಲ್ಲ, ನೆಲ ನೋಡಿದಳು, ಅಷ್ಟೇ. ನಿಯಮಕ್ಕೂ ಹೆಂಗಸರಿಗೂ ನಡುವೆ ಇಷ್ಟು ಸಂದು ಯಾವಾಗಲೂ ಇರುತ್ತದೆ.

ನೆರಳಿನಲ್ಲಿ ಒಂಬತ್ತು ದಿನದ ಧೂಳು ಎಲ್ಲೆಂದರಲ್ಲಿ ಹರಡಿತ್ತು. ಹರಡಿ ಹರಡಿ ತೆಳುವಾಗಿ ಬೂದಿಯಂತಾಗಿತ್ತು. ನಟ್ಟ ನಡುವೆ ಒಂದೇ ಕಡೆ, ಹೆಬ್ಬೆರಳಿನಷ್ಟು ಜಾಗದಲ್ಲಿ, ಕಪ್ಪು. ಒಂಬತ್ತು ಹಾಳೆಯ ಒಂಬತ್ತು ಚುಕ್ಕೆ, ಒಂದರ ಮೇಲೊಂದು.

ಧೂಳಿಗೆ ಮನೆಯಿಲ್ಲ. ಇವತ್ತು ಇಲ್ಲಿ ಬಿದ್ದದ್ದು ನಾಳೆ ಅಲ್ಲಿ ಬೀಳುತ್ತದೆ. ಧೂಳು ಒಂದೇ ಮನೆಗೆ ಒಂಬತ್ತು ದಿನ ನೆಂಟನಾಗಿ ಬರುವುದಿಲ್ಲ.

ಯಾವ ಮನೆ ಎಂದು ಅಳೆದು ನೋಡಿದಳು. ಹುಣಸೆಮರದ ಬುಡದ ದೊಡ್ಡ ಹಗೇವು. ಅದನ್ನು ತೆರೆಯಲು ಮೂರೇ ದಿನ ಉಳಿದಿತ್ತು. ಇಳಿಯುವವನು ಅಂಗಳದಲ್ಲಿ ಕೂತು, ಸಿಳ್ಳೆ ಹಾಕುತ್ತ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದ.

“ಈ ಸಲ ಇಳೀಬೇಡ” ಅಂದಳು.

“ಯಾಕೆ?”

“ಅಜ್ಜನ ಅರಿವೆಯಲ್ಲಿ ಚುಕ್ಕೆ ಇದೆ.”

“ಅಜ್ಜನ ಅರಿವೆಯಲ್ಲಿ ಚುಕ್ಕೆ ಇಲ್ಲದ ಜಾಗ ಎಲ್ಲಿದೆ ತೋರಿಸು, ಅಲ್ಲಿ ಹಬ್ಬ ಮಾಡೋಣ.” ನಕ್ಕ. “ಯಾರು ಅದನ್ನ ಧೂಳು ಅಂತ ತೆಗೆದೋರು?”

“ನಾನೇ.”

“ನಿನ್ನ ಕೈ ತಪ್ಪಿದ್ದುಂಟೇನೆ ಹುಚ್ಚಿ? ನಿನ್ನನ್ನ ನಾನು ನಂಬ್ತೀನಿ. ನೀನೂ ಸ್ವಲ್ಪ ನಂಬು.”

ಆ ಮಾತು ಅವಳಿಗೆ ಹಗ್ಗದ ಹಾಗೆ ಸುತ್ತಿಕೊಂಡಿತು.

ಮರುದಿನ ಗುಡ್ಡ ಹತ್ತಿದಳು. ಕೊನೆಯ ನೋಟಗಾರ ಬಂಡೆಗೆ ಬೆನ್ನು ಕೊಟ್ಟು ಹರಳು ಒರೆಸುತ್ತಿದ್ದ.

“ಅಜ್ಜ, ಹುಣಸೆಮರದ ಹಗೇವಿನ ಮೇಲೆ ದಿನಾ ಚುಕ್ಕೆ ಇಡ್ತೀಯಲ್ಲ, ಕಂಡು ಇಡ್ತೀಯೋ ಕೈ ನಡುಗಿ ಬೀಳುತ್ತೋ?”

ಮುದುಕ ಹರಳು ಒರೆಸುವುದು ನಿಲ್ಲಿಸಿದ. “ನೂರು ಚುಕ್ಕೆಯಲ್ಲಿ ತೊಂಬತ್ತೊಂಬತ್ತು ಧೂಳೇ ಕಣಮ್ಮ, ಅದು ನನಗೂ ಗೊತ್ತು. ನೂರನೆಯದು ಯಾವುದು ಅಂತ ಮಾತ್ರ ಗೊತ್ತಿಲ್ಲ. ಅದಕ್ಕೇ ಎಲ್ಲಾ ಇಡ್ತೀನಿ.”

ಅವನಿಗೆ ಬಲದಲ್ಲಿ ಬಂಡೆ, ಬಂಡೆ ಸಾಕ್ಷಿ ಹೇಳುವುದಿಲ್ಲ. ಅವಳು ಎಡದವನ ಹತ್ತಿರ ಹೋದಳು. ಅವನು ನಡುವಯಸ್ಸಿನವನು, ಮಡಿಕೆ ಮುರಿಯದ ಅಂಗಿ, ತೀಡಿದ ಮೀಸೆ. ಅವನ ಅರಿವೆಯಲ್ಲಿ ಅವಳಿಗೆ ಎಂದೂ ಕೆಲಸ ಇರುತ್ತಿರಲಿಲ್ಲ.

“ನಿಮಗೆ ಕಂಡಿಲ್ಲವಾ ಅಣ್ಣ? ಹುಣಸೆಮರದ ಹತ್ತಿರ?”

ಅವನು ಆಚೆ ಈಚೆ ನೋಡಿದ. “ಕಾಣುತ್ತೆ. ಮಸಕು ಮಸಕಾಗಿ. ಬರೆದೂ ಬಿಡ್ತೀನಿ. ಆದರೆ ನನ್ನ ಎಡದವನ ಅರಿವೆಯಲ್ಲಿ ಇರೋಲ್ಲ ನೋಡಿ. ಸುಮ್ಮನೆ ನಿಮಗ್ಯಾಕೆ ತೊಂದರೆ ಅಂತ ತೋಳಲ್ಲಿ ಒರೆಸಿ ಕಳಿಸ್ತೀನಿ.”

ಅವನ ಬಲತೋಳಿನ ತುದಿಯಲ್ಲಿ ಒಂದು ಕಪ್ಪು ಕಲೆ ಇತ್ತು.

ಅವಳು ಅವನ ಎಡದವನ ಬಳಿ ಹೋದಳು. ಅವನ ತೋಳಿನಲ್ಲೂ ಕಲೆ. “ಕಾಣುತ್ತೆ, ಆದರೆ ನನ್ನ ಎಡದವನಿಗೆ...” ಅವನ ಎಡದವನ ಬಳಿ ಹೋದಳು. ಅಲ್ಲೂ ಕಲೆ. ಹೀಗೆ ಹನ್ನೊಂದು ಪೀಠ, ಹನ್ನೊಂದು ತೋಳು, ಹನ್ನೊಂದು ಕಲೆ. ಹನ್ನೆರಡನೆಯವನಿಗೆ ನಿಜಕ್ಕೂ ಏನೂ ಕಂಡಿರಲಿಲ್ಲ. ಹನ್ನೊಂದು ಜನ ಕಂಡದ್ದು, ಒಬ್ಬ ಕಾಣದವನ ಮುಲಾಜಿಗೆ ಬಿದ್ದು, ತೋಳಿನಿಂದ ತೋಳಿಗೆ ಒರೆಸಿಹೋಗಿತ್ತು.

“ಚೌಕಕ್ಕೆ ಬಂದು ತೋಳು ತೋರಿಸ್ತೀರಾ?” ಎಂದು ಕೇಳಿದಳು. ಹನ್ನೊಂದು ಜನವೂ ಆವತ್ತು ಮಧ್ಯಾಹ್ನವೇ ಅಂಗಿ ಒಗೆಯಲು ಹಾಕಿದರು.

ಉಳಿದದ್ದು ಅರಿವೆಯ ಯಜಮಾನ. ಚೌಕದಲ್ಲಿ ಅರಿವೆ ತೂಗಿಸಿ ತೀರ್ಪು ಹೇಳುವವನು ಅವನೇ. ಅವಳು ಒಂಬತ್ತು ಮೇಣದ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮುಂದಿಟ್ಟಳು.

“ತೆಗೆದದ್ದನ್ನು ತಿರುಗಿ ನೋಡಿದೆಯಾ?” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ಕೂತುಕೋ. ಈ ನಿಯಮ ಯಾಕೆ ಬಂತು ಗೊತ್ತಾ? ನೀನು ಹುಟ್ಟೋಕೆ ಮುಂಚೆ ಒಂದು ಅರಿವೆಯಲ್ಲಿ, ಒಂದೇ ಒಂದರಲ್ಲಿ, ಊರ ಮೇಲೆ ಒಂದು ಕರಿ ರೆಕ್ಕೆ ಕಾಣಿಸಿತು. ಊರೆಲ್ಲ ಹೆದರಿ ಮನೆ ಬಿಟ್ಟು ಬಯಲಲ್ಲಿ ಮಲಗಿತು. ಮಾಗಿಯ ಚಳಿ. ಮೂರು ಹಸುಗೂಸು ಹೋದವು. ಬೆಳಿಗ್ಗೆ ನೋಡಿದರೆ ಅದು ಸೊಳ್ಳೆ ರೆಕ್ಕೆ, ಹಸಿ ಕಾಡಿಗೆಗೆ ಅಂಟಿಕೊಂಡಿತ್ತು.” ಹಾಳೆಗಳನ್ನು ಅವಳತ್ತ ಸರಿಸಿ, “ಮೂರರಲ್ಲಿ ಒಂದು ನನ್ನದು” ಅಂದ.

ಅವಳು ಹಾಳೆಗಳನ್ನು ಮತ್ತೆ ಸೆರಗಿಗೆ ಸುತ್ತಿಕೊಂಡಳು.

“ಎಡದವನೋ ಬಲದವನೋ ಯಾರಾದರೂ ಕಂಡೆ ಅಂದರೆ ಚೌಕಕ್ಕೆ ಕರೆದುಕೊಂಡು ಬಾ. ಇಲ್ಲದಿದ್ದರೆ ಅದು ಧೂಳು. ಧೂಳೇ ಆಗಿರಲಿ ಅಂತ ಬೇಡಿಕೋ.”

ಹಗೇವು ತೆರೆಯುವ ಬೆಳಿಗ್ಗೆ ಬಂತು. ಅರಿವೆಗಳು ಗುಡ್ಡದಿಂದ ಇಳಿದು ಅವಳ ಮನೆಗೆ ಬಂದವು. ಅವಳು ಕದ ಹಾಕಿಕೊಂಡಳು. ಒಲೆಯ ಮೇಲಿನ ಕಾವಲಿ ಮಗುಚಿ ಅದರ ಮಸಿಗೆ ಹೆಬ್ಬೆರಳು ಒತ್ತಿದಳು. ಮೊದಲನೆಯ ಅರಿವೆಯಲ್ಲಿ ಹುಣಸೆಮರ ಹುಡುಕಿದಳು. ಒತ್ತಿದಳು. ಎರಡನೆಯದರಲ್ಲಿ ಒತ್ತಿದಳು. ಮೂರನೆಯದರಲ್ಲಿ ಒತ್ತಿದಳು. ಊರಿನಲ್ಲೇ ಶುದ್ಧವಾದ ಆ ಕೈ ಇನ್ನೂರ ಇಪ್ಪತ್ನಾಲ್ಕು ಸಲ ಸುಳ್ಳು ಹೇಳಿತು. ಸುಳ್ಳಿನ ವಿಷಯದಲ್ಲಿ ನನ್ನ ಮಾತು ಕೇಳಿ, ನನಗೆ ಅಭ್ಯಾಸವಿದೆ: ಹತ್ತು ಸುಳ್ಳಿಗೆ ಮನಸ್ಸು ಹಗುರವಾಗುತ್ತದೆ. ಅವಳಿಗೆ ಕೊನೆಯವರೆಗೂ ಆಗಲಿಲ್ಲ.

ಚೌಕದಲ್ಲಿ ಅರಿವೆಗಳು ತೂಗಿದವು. ಊರು ನೆರೆಯಿತು. ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚೌಕದಂಚಿನ ಹುಣಸೆಮರದ ಕೆಳಗೆ ನಿಂತಿದ್ದ. ಯಜಮಾನ ಮೊದಲ ಅರಿವೆಯ ಮುಂದೆ ನಿಂತ, ಎರಡನೆಯದರ ಮುಂದೆ ನಿಂತ, ಅಲ್ಲಿಂದ ಮುಂದೆ ನಿಲ್ಲದೆ ಕೊನೆಯವರೆಗೂ ನಡೆದ.

“ಎಡದವ ಕಂಡನೆ?” ಎಂದು ಕೂಗಿದ.

“ಕಂಡ!” ಅಂದಿತು ಊರು.

“ಬಲದವ ಕಂಡನೆ?”

“ಕಂಡ!”

ಯಜಮಾನ ತಿರುಗಿ ಅವಳ ಕೈ ನೋಡಿದ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ್ದಳು. “ದೀಪ ತನ್ನಿ” ಅಂದ.

ಚಪ್ಪಡಿ ಸರಿಸಿದರು. ದೀಪ ಇಳಿಯಿತು. ಒಂದಾಳು ಆಳಕ್ಕೆ ಕುಗ್ಗಿತು. ಒಂದೂವರೆ ಆಳು ಆಳಕ್ಕೆ ನೀಲಿಯಾಯಿತು. ಎರಡಾಳು ಆಳಕ್ಕೆ ಯಾರೋ ಬಾಯಿಂದ ಊದಿದ ಹಾಗೆ ಆರಿತು. ಮೇಲೆತ್ತಿದ ಹಗ್ಗ ಬೆಚ್ಚಗಿತ್ತು.

ಇಳಿಯುವವನು ನಿಂತಲ್ಲೇ ಕೂತ. ಸೊಂಟದ ಹಗ್ಗ ಬಿಚ್ಚಲು ಅವನ ಬೆರಳುಗಳಿಗೆ ಬರಲಿಲ್ಲ. ಅವಳೇ ಹೋಗಿ ಬಿಚ್ಚಿದಳು. ಗಂಟಿಗೆಲ್ಲ ಮಸಿಯಾಯಿತು.

ಇಲ್ಲಿಗೆ ಮುಗಿಸಿದರೆ ಇದು ಒಳ್ಳೆಯ ಕಥೆ. ನನಗೂ ಇಲ್ಲಿಗೇ ಮುಗಿಸುವ ಆಸೆ. ಆದರೆ ಆಗಲೇ ಚೌಕದಲ್ಲಿ ಗದ್ದಲ ಶುರುವಾಗಿತ್ತು.

“ನಾನು ಕಂಡೆ!” ಎಂದು ಎಲ್ಲರಿಗಿಂತ ಮೊದಲು ಕೂಗಿದವನು ನೇರಳೆಯ ನೋಟಗಾರ. ಸಾಲಿನ ಆ ತುದಿಯವನು. “ನೇರಳೆಯಲ್ಲಿ ಎಷ್ಟು ಸ್ಪಷ್ಟ ಅಂತೀರಿ, ಹೊಗೆಯೇ ಕಂಡೆ!” ಆಮೇಲೆ ನೀಲಿಯವರು ಕಂಡರು, ಹಸಿರಿನವರು ಕಂಡರು. ಒಗೆದ ಅಂಗಿಯ ಹನ್ನೊಂದು ಜನ “ನಾವಂತೂ ದಿನಾ ಕಾಣ್ತಿದ್ವಿ” ಎಂದರು. ಇನ್ನೂರ ಇಪ್ಪತ್ಮೂರು ಜನ ಕಂಡರು.

ಯಜಮಾನ ಕೊನೆಯ ನೋಟಗಾರನನ್ನು ಕೇಳಿದ, “ನೀನು?”

ಮುದುಕ ಕಣ್ಣು ಒರೆಸಿಕೊಂಡ. “ಇವತ್ತು ನನಗೆ ಏನೂ ಕಾಣಲಿಲ್ಲ ಸ್ವಾಮಿ. ಬೆಳಿಗ್ಗೆಯಿಂದ ಕಣ್ಣಲ್ಲಿ ನೀರು. ಹುಣಸೆಮರದ ಹತ್ತಿರ ನಾನು ಏನೂ ಇಟ್ಟಿಲ್ಲ. ಈ ಚುಕ್ಕೆ ನನ್ನ ಕೈಯದ್ದಲ್ಲ.”

ಊರು ಗೊಳ್ಳೆಂದು ನಕ್ಕಿತು. “ಕುರುಡನೂ ಕಂಡದ್ದು ಇವನಿಗೆ ಕಾಣಲಿಲ್ಲವಂತೆ!” ಎಂದಿತು. “ಇಷ್ಟು ವರ್ಷ ಇವನ ಸಿಡುಬು ತೆಗೆದೂ ತೆಗೆದೂ ಆ ಹೆಣ್ಣುಮಗಳ ಬೆರಳು ಸವೆಯಿತು” ಎಂದಿತು. ಯಜಮಾನನಿಗೆ ಬೇರೆ ದಾರಿಯಿರಲಿಲ್ಲ. ಎಲ್ಲರೂ ಒಂದೇ ಕಂಡದ್ದರಿಂದ ಊರು ಉಳಿಯಿತು, ನಿಯಮ ಗೆದ್ದಿತು, ಎಲ್ಲರೂ ಕಂಡದ್ದನ್ನು ಕಾಣದವನಿಗೆ ಪೀಠ ಸಲ್ಲದು ಎಂದು ತೀರ್ಪು ಹೇಳಿದ. ಹೇಳುವಾಗ ಅವಳ ಕಡೆ ನೋಡಿದ. ಅವಳು ಒಂದು ಮಾತು ಆಡಬಹುದಿತ್ತು. ಗಂಡನ ತಲೆ ಅವಳ ಮೊಣಕಾಲಿಗೆ ಒರಗಿತ್ತು. ಬೆಚ್ಚಗಿತ್ತು. ಅವಳು ಆಡಲಿಲ್ಲ.

ಮುದುಕ ಹರಳನ್ನು ಬಂಡೆಯ ಮೇಲಿಟ್ಟು ಗುಡ್ಡದ ಆಚೆ ಬದಿಗೆ ಇಳಿದುಹೋದ. ಹರಳಿಡಲು ಗುಡ್ಡ ಹತ್ತುವ ಮುಂಚೆ ಅವಳ ಬಾಗಿಲಲ್ಲಿ ನಿಂತು, “ಉಳಿದನಲ್ಲ?” ಎಂದಷ್ಟೇ ಕೇಳಿದ.

“ಉಳಿದ ಅಜ್ಜ.”

“ಹಾಗಾದರೆ ಸರಿ” ಅಂದ.

ಒಂದು ವರ್ಷ ಕಳೆಯಿತು. ಚೌಕದಲ್ಲಿ ಇನ್ನೂರ ಇಪ್ಪತ್ಮೂರು ಅರಿವೆ ತೂಗಿದವು. ಎಲ್ಲವೂ ಶುಭ್ರ. ನೋಟಗಾರರು ಈಗ ಮೊದಲು ಎಡಕ್ಕೂ ಬಲಕ್ಕೂ ನೋಡಿಕೊಂಡು ಆಮೇಲೆ ಊರು ನೋಡುತ್ತಿದ್ದರು. ಅವಳಿಗೆ ಕೆಲಸವೇ ಇರಲಿಲ್ಲ. ದಿನಾ ಮೇಣದ ಹಾಳೆಗಳನ್ನು ಬಿಸಿಲಿಗೆ ಹಿಡಿಯುತ್ತಿದ್ದಳು, ಹಾಳೆಗಳು ಖಾಲಿ ಇರುತ್ತಿದ್ದವು. ಧೂಳಿಗೆ ಹೆದರುತ್ತಿದ್ದವಳು ಈಗ ಧೂಳಿಲ್ಲದ್ದಕ್ಕೆ ಹೆದರುತ್ತಿದ್ದಳು. ಮತ್ತೆ ಹಗೇವು ತೆರೆಯುವ ದಿನ ಬಂತು. ಊರು ದೀಪವನ್ನು ಮತ್ತೆ ಮರೆತಿತ್ತು. ಅಷ್ಟು ಜನ ಕಾಣುವಾಗ ದೀಪ ಯಾಕೆ? ಗಂಡ ಮತ್ತೆ ಸಿಳ್ಳೆ ಹಾಕುತ್ತ ಹಗ್ಗಕ್ಕೆ ಎಣ್ಣೆ ಹಚ್ಚಿದ್ದ.

ಆ ಬೆಳಿಗ್ಗೆ ಅವಳು ಗುಡ್ಡ ಹತ್ತಿ ಖಾಲಿ ಪೀಠದ ಮೇಲೆ ಕೂತಳು. ಹರಳಿನ ಮೇಲಿನ ಧೂಳು ಊದಿ ಕಣ್ಣಿಗಿಟ್ಟಳು.

“ಅಭ್ಯಾಸ ಇಲ್ಲದೋರು ಕೂತರೆ ಕೈ ನಡುಗುತ್ತೆ ಅಕ್ಕ” ಎಂದ ಎಡದವನು.

“ನಡುಗಲಿ” ಅಂದಳು.

ನಡುಗಿತು. ಬೆಚ್ಚಗಿನ ಬಣ್ಣ ಅವಳಿಗೆ ಒಗ್ಗಲಿಲ್ಲ. ಎಲ್ಲಿ ನೋಡಿದರೂ ಏನೋ ಇದೆ ಅನ್ನಿಸುತ್ತಿತ್ತು, ಏನೂ ಇಲ್ಲ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನೆಲ್ಲ ಇಟ್ಟಳು. ಅರಿವೆ ಹಿಡಿದು ಇಳಿದಳು, ಮನೆಗೆ ಹೋಗದೆ ನೇರ ಚೌಕಕ್ಕೆ ಹೋದಳು. ಇನ್ನೂರ ಇಪ್ಪತ್ಮೂರು ಶುಭ್ರ ಅರಿವೆಗಳ ಪಕ್ಕದಲ್ಲಿ, ಊರಿನಲ್ಲೇ ಶುದ್ಧವಾದ ಕೈಯಿಂದ ಬಂದ ಆ ಕೊಳಕು ಅರಿವೆ ಗಾಳಿಗೆ ಪಟಪಟ ಹೊಡೆದುಕೊಂಡಿತು.

“ಎಡದವ ಕಂಡನೆ?” ಎಂದ ಯಜಮಾನ, ಮೆಲ್ಲಗೆ.

“ಇಲ್ಲ!” ಎಂದಿತು ಊರು.

“ಬಲದವ ಕಂಡನೆ?”

“ಅಲ್ಲಿ ಬಂಡೆ!” ಎಂದು ಯಾರೋ ಕೂಗಿದರು. ನಗೆ.

“ಹಾಗಾದರೆ?”

“ಧೂಳು!”

“ಧೂಳೇ” ಅಂದಳು ಅವಳು. “ಅಷ್ಟೂ ಧೂಳೇ ಇರಬಹುದು. ಆದರೂ ತೆಗೆಯೋಲ್ಲ. ಹೋದ ವರ್ಷದ ಚುಕ್ಕೆಯೆಲ್ಲ ನನ್ನ ಕಾವಲಿ ಮಸಿ. ಅಜ್ಜ ಒಬ್ಬನೇ ನಿಜ ಹೇಳಿದ್ದು. ಇದು ಅವನ ಪೀಠದ್ದು, ಹಾಗೇ ತೂಗಲಿ.”

ಇನ್ನೂರ ಇಪ್ಪತ್ಮೂರು ನೋಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಣಸೆಮರದ ಕೆಳಗೆ ಇಳಿಯುವವನು ಸಿಳ್ಳೆ ನಿಲ್ಲಿಸಿದ. ಶುಭ್ರ ಅರಿವೆಗಳನ್ನು ನೋಡಿದ, ಕೊಳಕು ಅರಿವೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಒಂದು ದೀಪ ಕೊಡ್ರಪ್ಪ” ಅಂದ.

“ಹೆಂಡತಿಗೆ ಹೆದರಿದ್ಯಾ?”

“ಹೌದಪ್ಪಾ, ಹೆದರಿದೆ. ದೀಪ ಕೊಡು.”

ದೀಪ ಇಳಿಯಿತು. ಒಂದಾಳು, ಎರಡಾಳು, ಮೂರಾಳು. ತಳ ಮುಟ್ಟಿಯೂ ಅದು ನೆಟ್ಟಗೆ, ಹಳದಿಯಾಗಿ, ನಾಚಿಕೆಯಿಲ್ಲದೆ ಉರಿಯಿತು. ಹಗೇವಿನಲ್ಲಿ ಒಳ್ಳೆಯ ಜೋಳ ಬಿಟ್ಟರೆ ಏನೂ ಇರಲಿಲ್ಲ. ಅವನು ಇಳಿದ, ತುಂಬಿದ, ಮೇಲೆ ಬಂದ. ಅವಳ ಚುಕ್ಕೆಗಳು ಅಷ್ಟೂ ಧೂಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂರು ದಿನ ನಕ್ಕಿತು. ಅವಳ ಕೈಯ ಹೆಸರು ಆವತ್ತಿಗೆ ಮುಗಿಯಿತು. ಅರಿವೆಗಳನ್ನು ಬೇರೆಯವಳಿಗೆ ಕೊಟ್ಟರು. ಯಜಮಾನ ಖಾಲಿ ಪೀಠದ ಮಾತು ಎತ್ತಲಿಲ್ಲ, ಅವಳು ದಿನಾ ಹತ್ತಿ ಹೋಗಿ ಅಲ್ಲಿ ಕೂರುವುದನ್ನು ಕಂಡೂ ಕಾಣದಂತೆ ಇದ್ದ. ಆ ಪೀಠದ ಅರಿವೆಯನ್ನು ಮಾತ್ರ ಯಾರೂ ಒರೆಸುವುದಿಲ್ಲ. ಹಗೇವು ತೆರೆಯುವ ದಿನ ಜನ ಅದನ್ನು ನೋಡಿ ಮನಸಾರೆ ನಗುತ್ತಾರೆ. ನಕ್ಕು ಮುಗಿದ ಮೇಲೆ, ಯಾರೂ ಹೇಳದೆ, ಯಾರಾದರೊಬ್ಬರು ಹೋಗಿ ದೀಪ ತರುತ್ತಾರೆ.

ಇಷ್ಟೇ. ನಿಜವಾ ಅಂತ ಕೇಳಬೇಡಿ. ಮೊದಲ ಮಾತೇ ಸುಳ್ಳು ಅಂತ ಹೇಳಿ ಕೂತವನು ನಾನು. ನೂರರಲ್ಲಿ ನೂರನೆಯದು ಯಾವುದು ಅಂತ ನೀವೇ ಬಿಸಿಲಿಗೆ ಹಿಡಿದು ನೋಡಿಕೊಳ್ಳಿ. ಒಂದು ಮಾತ್ರ ಧೂಳಲ್ಲ: ಕಥೆ ಹೇಳುತ್ತ ನಾನು ಇಲ್ಲಿ ಕುಡಿದ ಟೀ. ಎಡಗಡೆಯ ಲೋಟ ಖಾಲಿ, ಬಲಗಡೆಯ ಲೋಟವೂ ಖಾಲಿ, ಎರಡೂ ಸಾಕ್ಷಿ ಹೇಳುತ್ತಿವೆ. ಹೋಟೆಲಿನವನೂ ಆಗಲೇ ಕಂಡಿದ್ದಾನೆ. ಸ್ವಲ್ಪ ನಿಮ್ಮ ಜೇಬಿಗೆ ಕೈ ಹಾಕಿ ಅವನ ದುಡ್ಡು ಕೊಟ್ಟುಬಿಡಿ ಸ್ವಾಮಿ, ನನ್ನ ಜೇಬನ್ನು ಯಾರೋ ಬಹಳ ಶುದ್ಧವಾಗಿ ಒರೆಸಿಬಿಟ್ಟಿದ್ದಾರೆ.